ಎರಡು ಕೆಜಿ ಡಂಬೆಲ್‌ನಿಂದ ಟೋನ್ ಆಗುವುದಿಲ್ಲ

ಈ ಸಲ ರಜೆಗೆ ಊರಿಗೆ ಹೋದಾಗ ಅಕ್ಕನ ಮಗಳು ತನ್ನ ಜಿಮ್‌ಗೆ ಕರೆದುಕೊಂಡು ಹೋದಳು. ನಾನು ಸೀದಾ ಬಾರ್ಬೆಲ್ (ಭಾರ ಎತ್ತುವ ಉದ್ದ ಕಬ್ಬಿಣದ ಸರಳು) ಇರುವ ಕಡೆ ಹೋಗಿ ಅದರ ತುದಿಗಳಿಗೆ ತೂಕದ ಪ್ಲೇಟ್ ಹಾಕುತ್ತಿದ್ದೆ. ಟ್ರೈನರ್ ಹುಡುಗ ಓಡಿ ಬಂದ. "ಮೇಡಂ, ಅದು ಬೇಡ, ಅದು ಜೆಂಟ್ಸ್‌ಗೆ. ನಿಮಗೆ ಟೋನ್ ಆದ್ರೆ ಸಾಕಲ್ವಾ? ಭಾರ ಎತ್ತಿದ್ರೆ ಭುಜ ಎಲ್ಲ ಅಗಲ ಆಗ್ಬಿಡುತ್ತೆ" ಎಂದ. ಬಹಳ ಮರ್ಯಾದೆಯಿಂದಲೇ ಹೇಳಿದ. ಆಮೇಲೆ ಎರಡು ಕೆಜಿಯ ಗುಲಾಬಿ ಬಣ್ಣದ ಡಂಬೆಲ್ ಜೋಡಿ ತಂದು ಕೈಗೆ ಕೊಟ್ಟ. ತಿರುಗಿ ನೋಡಿದರೆ ಅಕ್ಕನ ಮಗಳ ಕೈಯಲ್ಲೂ ಅಂಥದ್ದೇ ಜೋಡಿ. ಅವಳು ಅಲ್ಲಿಗೆ ಸೇರಿ ವರ್ಷವಾಗುತ್ತಾ ಬಂತು. ಸೇರಿದ ದಿನ ಕೊಟ್ಟ ತೂಕವನ್ನೇ ಇವತ್ತಿಗೂ ಎತ್ತುತ್ತಿದ್ದಾಳೆ.

ನನಗೆ ಹೇಳಿದ ಮಾತಿಗಿಂತ ಅವಳ ಕೈಯಲ್ಲಿದ್ದ ಆ ಡಂಬೆಲ್ ನೋಡಿ ಜಾಸ್ತಿ ಸಂಕಟವಾಯಿತು. ಅವಳೇನು ಸೋಮಾರಿ ಅಲ್ಲ. ಬೆಳಗ್ಗೆ ಎದ್ದು, ಕೆಲಸಕ್ಕೆ ಹೋಗುವ ಮುಂಚೆ, ಒಂದು ದಿನವೂ ತಪ್ಪಿಸದೆ ಹೋಗುವ ಹುಡುಗಿ. ಅಷ್ಟು ಶ್ರದ್ಧೆ ಇರುವವಳಿಗೆ ವರ್ಷಪೂರ್ತಿ ಎರಡು ಕೆಜಿ ಕೊಟ್ಟು ಕೂರಿಸಿದ್ದಾರಲ್ಲ!

ನಾನು ಹೊರಗೆ ಬಂದು ನೆಲೆಸಿ ಬಹಳ ಕಾಲವಾಯಿತು. ಸಾಮಾನಿನಲ್ಲಿ ಇಲ್ಲಿನ ಜಿಮ್‌ಗೂ ಊರಿನ ಜಿಮ್‌ಗೂ ಈಗ ಅಂಥ ವ್ಯತ್ಯಾಸ ಇಲ್ಲ. ಕನ್ನಡಿ ಅದೇ, ಟ್ರೆಡ್‌ಮಿಲ್ ಅದೇ, ಕಿವಿಗಡಚಿಕ್ಕುವ ಹಾಡೂ ಅದೇ. ವ್ಯತ್ಯಾಸ ಇರುವುದು ಮೊದಲು ಕೇಳುವ ಪ್ರಶ್ನೆಯಲ್ಲಿ. ಊರಲ್ಲಿ ಹೆಂಗಸು ಒಳಗೆ ಕಾಲಿಟ್ಟ ಕೂಡಲೇ ಕೇಳುವುದು, "ಎಷ್ಟು ಕೆಜಿ ಕಡಿಮೆ ಆಗ್ಬೇಕು ಮೇಡಂ?" ಇಲ್ಲಿ ನಾನು ಸೇರಿದಾಗ ಕೋಚ್ ಕೇಳಿದ್ದು, ಈಗ ಎಷ್ಟು ಎತ್ತುತ್ತೀರಿ, ಎಷ್ಟು ಎತ್ತುವ ಆಸೆ ಇದೆ ಅಂತ. ಆಕೆ ತಲೆ ನರೆತ ಹೆಂಗಸು. ನನ್ನ ಸೊಂಟದ ಅಳತೆ ತೆಗೆದುಕೊಳ್ಳಲೇ ಇಲ್ಲ. ಒಂದು ಕೋಲು ಕೊಟ್ಟು ಬಗ್ಗಿ ಏಳುವುದು ಹೇಗೆಂದು ನೋಡಿದಳು. ಕೂತು ಏಳಿಸಿದಳು. ಆಮೇಲೆ 15 ಕೆಜಿಯ ಬಾರ್ ತೋರಿಸಿ, ನಿಮ್ಮದು ಇದು ಎಂದಳು.

ಹೆಂಗಸರಿಗೆ ಅಂತ ಬೇರೆಯದೇ ಬಾರ್ ಇದೆ ಅನ್ನುವುದು ಊರಲ್ಲಿ ಎಷ್ಟೋ ಜಿಮ್‌ನವರಿಗೆ ಗೊತ್ತಿಲ್ಲ. ವೇಟ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ಗಂಡಸರ ಬಾರ್ 20 ಕೆಜಿ, ದಪ್ಪ 28 ಮಿಲಿಮೀಟರ್. ಹೆಂಗಸರದು 15 ಕೆಜಿ, ದಪ್ಪ 25 ಮಿಲಿಮೀಟರ್. ಮೂರು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಹಿಡಿದು ನೋಡಿ. ಸಣ್ಣ ಕೈಯ ಬೆರಳುಗಳು ಪೂರ್ತಿ ಸುತ್ತಿಕೊಳ್ಳುತ್ತವೆ, ಹೆಬ್ಬೆರಳು ಮೇಲೆ ಬಂದು ಬೀಗ ಹಾಕಿದ ಹಾಗೆ ಕೂರುತ್ತದೆ. ಹಿಡಿತ ಜಾರುವುದಿಲ್ಲ. ಹೆಂಗಸರು ಎತ್ತಲಿ ಅಂತಲೇ ಯಾರೋ ಕೂತು ಯೋಚನೆ ಮಾಡಿ ಮಾಡಿಸಿದ ಸಾಮಾನು ಅದು.

ಪ್ಲೇಟ್‌ಗಳ ವಿಷಯವೂ ಹಾಗೇ. ಊರಿನ ಆ ಜಿಮ್‌ನಲ್ಲಿ ಎಲ್ಲಕ್ಕಿಂತ ಸಣ್ಣ ಪ್ಲೇಟ್ 2.5 ಕೆಜಿಯದು. ಎರಡೂ ಕಡೆ ಹಾಕಲೇಬೇಕಲ್ಲ, ಹಾಗಾಗಿ ಒಂದೇಟಿಗೆ 5 ಕೆಜಿ ಏರುತ್ತದೆ. ತಲೆ ಮೇಲೆ 60 ಕೆಜಿ ಎತ್ತುವ ಗಂಡಸಿಗೆ ಈ 5 ಕೆಜಿ ದೊಡ್ಡದಲ್ಲ. ಬರೀ 20 ಕೆಜಿ ಬಾರ್ ಎತ್ತುವ ಹೆಂಗಸಿಗೆ ಅದು ಇದ್ದದ್ದರ ಕಾಲು ಭಾಗ. ಅವಳು 25 ಎತ್ತಲು ನೋಡುತ್ತಾಳೆ, ಆಗುವುದಿಲ್ಲ. ಇದು ನಮಗಲ್ಲ ಅಂತ ವಾಪಸ್ಸು ಡಂಬೆಲ್ ಕಡೆ ಹೋಗುತ್ತಾಳೆ. ಇಲ್ಲಿ ಅರ್ಧ ಕೆಜಿಯ ಪ್ಲೇಟ್ ಗೋಡೆಗೆ ತೂಗುಹಾಕಿರುತ್ತಾರೆ. 20 ಆದ ಮೇಲೆ 21, ಅದಾದ ಮೇಲೆ 22. ನಿಧಾನಕ್ಕೆ ಏರಿದರೂ ಏರುತ್ತದೆ. ಅದೇ ಹೆಂಗಸು, ಅದೇ ಭುಜ. ಇಲ್ಲಿ ಮೆಟ್ಟಿಲು ಸಣ್ಣದು ಮಾಡಿಟ್ಟಿದ್ದಾರೆ, ಅಷ್ಟೇ.

ಈಗ ಟೋನ್ ವಿಷಯಕ್ಕೆ ಬರೋಣ. ಅಕ್ಕನ ಮಗಳಿಗೆ ಬೇಕಿರುವುದೂ ಅದೇ, ಊರಲ್ಲಿ ನನ್ನ ಗೆಳತಿಯರಿಗೆಲ್ಲ ಬೇಕಿರುವುದೂ ಅದೇ. ತೋಳು ಜೋತುಬೀಳಬಾರದು, ತೊಡೆ ಬಿಗಿಯಾಗಬೇಕು, ಆದರೆ ದಪ್ಪ ಕಾಣಬಾರದು. ಈ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಮೈ ಹಾಗೆ ಕಾಣಬೇಕಾದರೆ ಆಗಬೇಕಾದದ್ದು ಎರಡು. ಒಳಗಿನ ಮಾಂಸಖಂಡ ಸ್ವಲ್ಪ ಬೆಳೆಯಬೇಕು, ಅದರ ಮೇಲಿರುವ ಕೊಬ್ಬು ಸ್ವಲ್ಪ ಇಳಿಯಬೇಕು. ಮಾಂಸಖಂಡವನ್ನು ಬೆಳೆಸದೆ ಬರೀ ಬಿಗಿ ಮಾಡುವ, ಉದ್ದ ಮಾಡುವ ವ್ಯಾಯಾಮ ಅಂತ ಬೇರೆ ಯಾವುದೂ ಇಲ್ಲ. ತೋಳು ಆಡಿಸಿದರೆ ತೋಳಿನ ಕೊಬ್ಬೇ ಕರಗುತ್ತದೆ ಅನ್ನುವುದೂ ಸುಳ್ಳು. ಕೊಬ್ಬು ಮೈಯೆಲ್ಲದರಿಂದ ಇಳಿಯುತ್ತದೆ. ಮೊದಲು ಎಲ್ಲಿಂದ ಅನ್ನುವುದು ನಮ್ಮ ಕೈಯಲ್ಲಿಲ್ಲ.

ಮಾಂಸಖಂಡ ಬೆಳೆಯಬೇಕಾದರೆ ಅದಕ್ಕೆ ಅಭ್ಯಾಸ ಇರುವುದಕ್ಕಿಂತ ಜಾಸ್ತಿ ಕೆಲಸ ಕೊಡಬೇಕು. ಕೊಟ್ಟದ್ದು ಅಭ್ಯಾಸವಾದ ಮೇಲೆ ಇನ್ನೂ ಸ್ವಲ್ಪ. ನನ್ನ ಕೋಚ್ ಇದನ್ನು ನೋಡಿಯೇ ಅಳೆಯುತ್ತಾಳೆ. ಹತ್ತು ರೆಪ್ಸ್‌ನ ಸೆಟ್ (ಒಂದೇ ಸಮನೆ ಹತ್ತು ಸಲ ಎತ್ತಿ ಇಳಿಸುವುದು) ಅಂದರೆ ಎಂಟು ಒಂಬತ್ತಕ್ಕೆ ಬರುವಷ್ಟರಲ್ಲಿ ಬಾರ್‌ನ ವೇಗ ತಾನಾಗೇ ಇಳಿಯಬೇಕು. ಮುಖ ಗಂಟಾಗಬೇಕು, ಮಾತು ನಿಲ್ಲಬೇಕು. ಬೇಕಾದರೆ ಇನ್ನೆರಡು ಆಗಬಹುದು, ಅದಕ್ಕಿಂತ ಜಾಸ್ತಿ ಸಾಧ್ಯವಿಲ್ಲ ಅನ್ನುವ ಕಡೆ ನಿಲ್ಲಿಸಬೇಕು. ಅಕ್ಕನ ಮಗಳು ಎರಡು ಕೆಜಿ ಹಿಡಿದು ನನ್ನ ಜೊತೆ ಆಫೀಸಿನ ಕಥೆ ಹೇಳುತ್ತಾ ಇಪ್ಪತ್ತು ಸಲ ಎತ್ತಿ ಇಳಿಸಿದಳು. ಇಪ್ಪತ್ತನೆಯದೂ ಮೊದಲಿನಷ್ಟೇ ಸಲೀಸು. ಅವಳ ತೋಳಿಗೆ ಆವತ್ತು ಹೊಸದಾಗಿ ಏನೂ ಮಾಡಬೇಕಾಗಿ ಬರಲಿಲ್ಲ. ದಪ್ಪ ಆಗಬಾರದು ಅಂತ ಕೊಟ್ಟ ತೂಕ ಅವಳಿಗೆ ಬೇಕಾದ ಟೋನ್ ಅನ್ನೂ ಕೊಡುತ್ತಿಲ್ಲ. ನನ್ನ ತಕರಾರು ಇದೇ.

ಇನ್ನು ದಪ್ಪ ಆಗುವ ಭಯ. ಗಂಡಸರ ಮೈ ಅಷ್ಟು ಬೆಳೆಯುವುದಕ್ಕೆ ದೊಡ್ಡ ಕಾರಣ ಟೆಸ್ಟೋಸ್ಟೆರಾನ್ ಅನ್ನುವ ಹಾರ್ಮೋನ್. ಅದು ಅವರಲ್ಲಿ ನಮಗಿಂತ ಸುಮಾರು 15 ಪಟ್ಟು ಜಾಸ್ತಿ. ವೇದಿಕೆ ಮೇಲೆ ನಿಲ್ಲುವ ಮಹಿಳಾ ಬಾಡಿಬಿಲ್ಡರ್‌ಗಳ ಫೋಟೊ ತೋರಿಸಿ ಹೆದರಿಸುತ್ತಾರಲ್ಲ, ಆ ಮೈ ಬರಲು ವರ್ಷಗಟ್ಟಲೆ ಅದೇ ಕೆಲಸ ಮಾಡಬೇಕು. ಅದಕ್ಕೆ ತಕ್ಕಂತೆ ಊಟ ಅಳೆದು ತಿನ್ನಬೇಕು. ಕೆಲವರು ಔಷಧವನ್ನೂ ತೆಗೆದುಕೊಂಡಿರುತ್ತಾರೆ. ವಾರಕ್ಕೆ ಎರಡು ಮೂರು ದಿನ ಬಾರ್ ಎತ್ತುವ, ಮನೆ ಆಫೀಸು ಎರಡೂ ನೋಡಿಕೊಳ್ಳುವ ಹೆಂಗಸಿಗೆ ಅದು ಅಕಸ್ಮಾತ್ತಾಗಿ ಬಂದುಬಿಡುವುದಿಲ್ಲ.

ಮೀರಾಬಾಯಿ ಚಾನು ಅವರನ್ನು ನೋಡಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 49 ಕೆಜಿ ಮೈತೂಕದ ವಿಭಾಗದಲ್ಲಿ ಬೆಳ್ಳಿ ಗೆದ್ದರು. ಕ್ಲೀನ್ ಅಂಡ್ ಜರ್ಕ್‌ನಲ್ಲಿ (ಬಾರ್ ಅನ್ನು ಮೊದಲು ಭುಜಕ್ಕೆ, ಆಮೇಲೆ ತಲೆ ಮೇಲಕ್ಕೆ ಎತ್ತುವುದು) ಎತ್ತಿದ್ದು 115 ಕೆಜಿ. ತಮ್ಮ ತೂಕದ ಎರಡು ಪಟ್ಟಿಗೂ ಜಾಸ್ತಿ. ಜೀವನವಿಡೀ ಭಾರ ಎತ್ತಿದ ಹೆಂಗಸು 49 ಕೆಜಿ ವಿಭಾಗದಲ್ಲೇ ಸ್ಪರ್ಧಿಸಿದರು ಅಂದರೆ, ಭಾರ ಎತ್ತಿದವರೆಲ್ಲ ಊದಿಕೊಳ್ಳುತ್ತಾರೆ ಅನ್ನುವ ಮಾತು ಎಲ್ಲಿ ನಿಲ್ಲುತ್ತದೆ? ಶಕ್ತಿ ಬರುವುದು ಮಾಂಸಖಂಡದ ಗಾತ್ರದಿಂದ ಮಾತ್ರ ಅಲ್ಲ. ಇರುವ ಮಾಂಸಖಂಡವನ್ನು ಪೂರ್ತಿ ಬಳಸುವುದನ್ನು ನರಗಳು ಕಲಿಯುತ್ತವೆ. ಶುರುವಿನ ತಿಂಗಳುಗಳಲ್ಲಿ ಎತ್ತುವ ತೂಕ ಸರಸರನೆ ಏರುವುದು ಬಹುಪಾಲು ಇದರಿಂದಲೇ.

ಅಂದಹಾಗೆ ಮಹಿಳೆಯರ ವೇಟ್‌ಲಿಫ್ಟಿಂಗ್ ಒಲಿಂಪಿಕ್ಸ್‌ಗೆ ಬಂದದ್ದೇ 2000ದಲ್ಲಿ, ಸಿಡ್ನಿಯಲ್ಲಿ. ಆ ಮೊದಲ ಸಲವೇ ಕರ್ಣಂ ಮಲ್ಲೇಶ್ವರಿ ಎರಡು ಬಗೆಯ ಎತ್ತುವಿಕೆ ಸೇರಿ ಒಟ್ಟು 240 ಕೆಜಿ ಎತ್ತಿ ಕಂಚು ತಂದರು. ಒಲಿಂಪಿಕ್ಸ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಗೆದ್ದದ್ದು ಬಾರ್ಬೆಲ್ ಎತ್ತಿ! ಅಂಥ ದೇಶದಲ್ಲಿ ಇಷ್ಟು ವರ್ಷದ ಮೇಲೂ ಅದು ಜೆಂಟ್ಸ್‌ಗೆ ಅನ್ನುತ್ತಾರೆ ಅಂದರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ.

ಒಂದು ಮಾತು ಮಾತ್ರ ಮುಚ್ಚಿಡಬಾರದು. ಹೊಸದಾಗಿ ಶುರು ಮಾಡಿದವರಿಗೆ ಮೊದಲ ವಾರಗಳಲ್ಲಿ ಪ್ಯಾಂಟ್ ತೊಡೆಯ ಹತ್ತಿರ ಬಿಗಿ ಅನ್ನಿಸಬಹುದು. ತೂಕದ ಮಿಷನ್‌ನಲ್ಲಿ ಒಂದು ಕೆಜಿ ಮೇಲೂ ತೋರಿಸಬಹುದು. ಅದು ಬಹುಪಾಲು ನೀರು. ದಣಿದ ಮಾಂಸಖಂಡ ರಿಪೇರಿಗೆ ನೀರು ಹಿಡಿದುಕೊಳ್ಳುತ್ತದೆ. ಗ್ಲೈಕೋಜನ್ (ಮಾಂಸಖಂಡ ಶಕ್ತಿಗಾಗಿ ಕೂಡಿಡುವ ಸಕ್ಕರೆಯ ರೂಪ) ಜಾಸ್ತಿ ಕೂಡಿಟ್ಟುಕೊಂಡಾಗ ಅದರ ಜೊತೆಗೂ ನೀರು ಬರುತ್ತದೆ. ಊರಲ್ಲಿ ಹುಡುಗಿಯರು ಬಿಟ್ಟು ಓಡುವುದು ಸರಿಯಾಗಿ ಈ ಹಂತದಲ್ಲೇ. ನೋಡು, ಹೇಳಿದ್ದೆ ತಾನೆ, ದಪ್ಪ ಆದೆ ಅನ್ನುವವರು ಸುತ್ತಮುತ್ತ ಹತ್ತು ಜನ ಇರುತ್ತಾರೆ. ಇಲ್ಲಿ ಕೋಚ್ ಮೊದಲೇ ಹೇಳಿಟ್ಟಿದ್ದಳು, ಈ ತಿಂಗಳು ತೂಕ ನೋಡಬೇಡ, ಎಷ್ಟು ಎತ್ತಿದೆ ಅಂತ ಬರೆದಿಡು ಅಂತ. ನನ್ನ ಪುಸ್ತಕದಲ್ಲಿ ಇರುವುದು ಬರೀ ಬಾರ್‌ನ ತೂಕ. ನನ್ನ ತೂಕ ಅದರಲ್ಲಿ ಎಲ್ಲೂ ಇಲ್ಲ.

ವಯಸ್ಸಾದವರ ವಿಷಯಕ್ಕೆ ಬಂದರೆ ನನ್ನ ಅಸಹನೆ ಇನ್ನೂ ಜಾಸ್ತಿಯಾಗುತ್ತದೆ. ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು. ಆಮೇಲಿಂದ ಎಲ್ಲರೂ ಕೊಡುವ ಬುದ್ಧಿಮಾತು ಒಂದೇ. ಏನೂ ಎತ್ತಬೇಡಿ, ಹುಷಾರು. ಮುಟ್ಟು ನಿಂತ ಮೇಲೆ ಈಸ್ಟ್ರೊಜನ್ ಹಾರ್ಮೋನ್ ಇಳಿದು ಮೂಳೆ ಬೇಗ ಸವೆಯುತ್ತದೆ. ಮೂಳೆಗೆ ಭಾರ ಬಿದ್ದರೆ ಮಾತ್ರ ಅದು ಗಟ್ಟಿಯಾಗಿರಲು ನೋಡುತ್ತದೆ. ಆಸ್ಟ್ರೇಲಿಯಾದಲ್ಲಿ ಮುಟ್ಟು ನಿಂತ, ಮೂಳೆ ತೆಳುವಾದ ಹೆಂಗಸರಿಗೆ ಎಂಟು ತಿಂಗಳು, ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತಿ ನಿಲ್ಲುವುದು), ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು), ಓವರ್‌ಹೆಡ್ ಪ್ರೆಸ್ (ತಲೆ ಮೇಲಕ್ಕೆ ಎತ್ತುವುದು) ಮಾಡಿಸಿದರು. ಅದೂ ನಿಜವಾದ ಭಾರ ಹಾಕಿಸಿ, ಪಕ್ಕದಲ್ಲೇ ನಿಂತು ನೋಡಿಕೊಂಡು. ಅವರ ಸೊಂಟದ ಬೆನ್ನೆಲುಬಿನ ಸಾಂದ್ರತೆ ಸುಮಾರು 2.9 ಶೇಕಡಾ ಏರಿತು. ಮನೆಯಲ್ಲೇ ಹಗುರ ವ್ಯಾಯಾಮ ಮಾಡಿದವರದು ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯೂ ದೊಡ್ಡವರೆಲ್ಲ ವಾರಕ್ಕೆ ಕನಿಷ್ಠ 2 ದಿನ ಮಾಂಸಖಂಡಕ್ಕೆ ಶಕ್ತಿ ಕೊಡುವ ವ್ಯಾಯಾಮ ಮಾಡಬೇಕು ಅನ್ನುತ್ತದೆ. ಹೆಂಗಸರನ್ನು ಬಿಟ್ಟು ಅಂತ ಅದರಲ್ಲಿ ಬರೆದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಕೆಲವು ಒಪ್ಪಿಕೊಳ್ಳಲೇಬೇಕು. ಹಗುರ ತೂಕ ಯಾವಾಗಲೂ ದಂಡ ಅಲ್ಲ. ಇಪ್ಪತ್ತೈದು ಮೂವತ್ತು ರೆಪ್ಸ್ ಮಾಡಿ, ಇನ್ನು ಆಗುವುದೇ ಇಲ್ಲ ಅನ್ನುವವರೆಗೆ ಹೋದರೆ ಅದರಿಂದಲೂ ಮಾಂಸಖಂಡ ಬೆಳೆಯುತ್ತದೆ. ಕಷ್ಟ ಏನೆಂದರೆ ಅಲ್ಲಿಯವರೆಗೆ ಯಾರೂ ಹೋಗುವುದಿಲ್ಲ. ಕೆಲವು ಹೆಂಗಸರ ಮೈ ಬೇರೆಯವರಿಗಿಂತ ಬೇಗ ಬೆಳೆಯುತ್ತದೆ, ಅದೂ ನಿಜ. ಅಂಥವರಿಗೆ ಸಾಕು ಅನ್ನಿಸಿದ ದಿನ ತೂಕ ಏರಿಸುವುದನ್ನು ನಿಲ್ಲಿಸಬಹುದು. ಈಗಷ್ಟೇ ಹೆರಿಗೆಯಾದವರು, ಕೆಮ್ಮಿದರೆ ಮೂತ್ರ ಸೋರುವ ತೊಂದರೆ ಇರುವವರು, ಬಿಪಿ ಹತೋಟಿಯಲ್ಲಿ ಇಲ್ಲದವರು ಡಾಕ್ಟರನ್ನೋ ಫಿಸಿಯೊಥೆರಪಿಸ್ಟ್‌ರನ್ನೋ ಕೇಳಿಯೇ ಶುರು ಮಾಡಬೇಕು. ಅವರಿಗೆ ಆ ಟ್ರೈನರ್‌ನ ಜಾಗ್ರತೆ ಸರಿಯೇ.

ಇಲ್ಲಿ ಎಲ್ಲವೂ ಚೆನ್ನಾಗಿದೆ ಅಂತಲೂ ಅಲ್ಲ. ಉದ್ದ ತೆಳು ಮಾಂಸಖಂಡ ಮಾಡಿಕೊಡುತ್ತೇವೆ ಅನ್ನುವ ಜಾಹೀರಾತು ಇಲ್ಲೂ ಬೇಕಾದಷ್ಟಿವೆ. ಗುಲಾಬಿ ಡಂಬೆಲ್ ಇಲ್ಲೂ ಮಾರುತ್ತಾರೆ.

ಹೇಳಲು ಮನಸ್ಸಿಲ್ಲದಿದ್ದರೂ ಹೇಳಬೇಕಾದ ಇನ್ನೊಂದಿದೆ. ಇಲ್ಲಿ ಎಲ್ಲರ ಕಿವಿಯಲ್ಲೂ ಹೆಡ್‌ಫೋನ್. ಮೊನ್ನೆ ನನ್ನ ಪಕ್ಕದಲ್ಲಿ ಒಬ್ಬಳು ಹುಡುಗಿ ಡೆಡ್‌ಲಿಫ್ಟ್ ಮಾಡುತ್ತಿದ್ದಳು. ಬಾರ್ ಕಾಲಿಗೆ ತಾಗುವಷ್ಟು ಹತ್ತಿರ ಇರಬೇಕು, ಅವಳದು ಒಂದು ಗೇಣು ಮುಂದೆ ಇತ್ತು. ಎತ್ತುವಾಗ ಬೆನ್ನು ಬಿಲ್ಲಿನ ಹಾಗೆ ಬಾಗುತ್ತಿತ್ತು. ಸುತ್ತ ಇದ್ದ ಎಲ್ಲರೂ ನೋಡಿದರು, ಯಾರೂ ಬಾಯಿ ಬಿಡಲಿಲ್ಲ. ಕೇಳದೆ ಹೇಳುವುದು ಇಲ್ಲಿ ಅಧಿಕಪ್ರಸಂಗ. ನಾನೇ ಹೋಗಿ ಮೆಲ್ಲಗೆ ಹೇಳಿದೆ. ಅವಳು ಥ್ಯಾಂಕ್ಸ್ ಅಂದಳು, ಆದರೆ ಮುಖದಲ್ಲಿ ಇಷ್ಟವಾಗದ್ದು ಕಾಣುತ್ತಿತ್ತು.

ಊರಿನ ಆ ಜಿಮ್‌ನಲ್ಲಿ ಹಾಗೆ ಬೆನ್ನು ಬಾಗಿಸಿ ಎತ್ತಲು ಯಾರೂ ಬಿಡುತ್ತಿರಲಿಲ್ಲ. ಅಕ್ಕನ ಮಗಳ ಬ್ಯಾಚಿನಲ್ಲಿ ಒಬ್ಬಳು ಸ್ಕ್ವಾಟ್ ಮಾಡುವಾಗ ಮಂಡಿ ಒಳಗೆ ಬಂದರೆ ಪಕ್ಕದವಳು ಅಲ್ಲಿಂದಲೇ ಕೂಗುತ್ತಾಳೆ, "ಏ, ಮಂಡಿ ಹೊರಗೆ ತಳ್ಳೇ!" ಎರಡು ದಿನ ಬರದಿದ್ದರೆ ಯಾಕೆ ಬರಲಿಲ್ಲ ಅಂತ ಫೋನು. ಟ್ರೈನರ್ ಹುಡುಗ ಒಂದೊಂದು ರೆಪ್ ಎಣಿಸುತ್ತಾ ಎದುರಿಗೇ ನಿಂತಿರುತ್ತಾನೆ. ಭಾರ ಎತ್ತುವುದನ್ನು ಕಲಿಯಲು ಬೇಕಾದದ್ದು ಇಂಥ ಕಣ್ಣೇ. ಬಾರ್, ಅರ್ಧ ಕೆಜಿ ಪ್ಲೇಟ್ ಯಾವಾಗ ಬೇಕಾದರೂ ತರಿಸಬಹುದು. ಪಕ್ಕದಲ್ಲಿ ನಿಂತು ಮಂಡಿ ನೋಡುವವರು ಬೇಕೆಂದರೆ ಇಲ್ಲಿ ನಾನು ಕೋಚ್‌ಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುತ್ತೇನೆ.