ಸ್ಕೇಟಿಂಗ್ ಪದಕ: ಒಲಿಂಪಿಕ್ಸ್‌ನದ್ದಲ್ಲ, ವಿಶ್ವ ಕ್ರೀಡಾಕೂಟದ್ದು

‘ರೋಲರ್ ಸ್ಕೇಟಿಂಗ್‌ನಲ್ಲಿ ಭಾರತಕ್ಕೆ ಮೊದಲ ಒಲಿಂಪಿಕ್ಸ್ ಚಿನ್ನ, ಗೆದ್ದವರು ನಮ್ಮ ಕಾರವಾರದ ಹುಡುಗ’ ಎಂಬ ಸಂದೇಶ ಕಾರವಾರ, ಅಂಕೋಲಾ, ಶಿರಸಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಒಂದೇ ಸಾಲಿನಲ್ಲಿ ಮೂರು ತಪ್ಪು.

ಪದಕ ಗೆದ್ದವರು ಆನಂದಕುಮಾರ್ ವೇಲ್‌ಕುಮಾರ್, ಊರು ಚೆನ್ನೈ. 2025ರ ಆಗಸ್ಟ್‌ನಲ್ಲಿ ಚೀನಾದ ಚೆಂಗ್ಡುವಿನಲ್ಲಿ ನಡೆದ ವಿಶ್ವ ಕ್ರೀಡಾಕೂಟದ ಪುರುಷರ 1000 ಮೀಟರ್ ಸ್ಪ್ರಿಂಟ್‌ನಲ್ಲಿ ಅವರಿಗೆ ಬಂದದ್ದು ಕಂಚು. ಆ ಕೂಟದಲ್ಲಿ ರೋಲರ್ ಕ್ರೀಡೆಯಿಂದ ಭಾರತಕ್ಕೆ ಸಿಕ್ಕ ಮೊದಲ ಪದಕ ಅದು. ಚಿನ್ನದ ಮಾತು ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ: ಮರು ತಿಂಗಳೇ ಚೀನಾದ ಬೈದೈಹೆಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅದೇ ದೂರವನ್ನು 1 ನಿಮಿಷ 24.924 ಸೆಕೆಂಡಿನಲ್ಲಿ ಮುಗಿಸಿ ಅವರು ಚಿನ್ನ ಗೆದ್ದರು. ಎರಡು ಸುದ್ದಿಗಳನ್ನು ಯಾರೋ ಒಟ್ಟಿಗೆ ಕಲಸಿದ್ದಾರೆ, ಮೇಲೆ ನಮ್ಮೂರಿನ ಒಗ್ಗರಣೆಯನ್ನೂ ಹಾಕಿದ್ದಾರೆ.

ಇನ್ನು ಒಲಿಂಪಿಕ್ಸ್. ಅಲ್ಲಿ ಸ್ಪೀಡ್ ಸ್ಕೇಟಿಂಗ್ ಇದೆ, ಆದರೆ ಅದು ಚಳಿಗಾಲದ ಕೂಟದ ಮಂಜುಗಡ್ಡೆಯ ಆಟ. ಚಕ್ರದ ಸ್ಕೇಟಿಂಗ್ ಓಟಕ್ಕೆ 2018ರ ಬ್ಯೂನಸ್ ಐರಿಸ್ ಯುವ ಒಲಿಂಪಿಕ್ಸ್‌ನಲ್ಲಿ ಅವಕಾಶ ಸಿಕ್ಕಿತ್ತು. ಹಿರಿಯರ ಒಲಿಂಪಿಕ್ಸ್‌ನಲ್ಲಿ ಇನ್ನೂ ಸಿಕ್ಕಿಲ್ಲ. ಒಲಿಂಪಿಕ್ಸ್‌ನಲ್ಲಿ ಜಾಗವಿಲ್ಲದ ಇಂಥ ಹಲವು ಆಟಗಳಿಗಾಗಿಯೇ 1981ರಿಂದ ವಿಶ್ವ ಕ್ರೀಡಾಕೂಟ ನಡೆಯುತ್ತಿದೆ.

2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 3000 ಮೀಟರ್ ರಿಲೇಯಲ್ಲಿ ಕಂಚು ಗೆದ್ದ ತಂಡದಲ್ಲೂ ಇದೇ ಆನಂದಕುಮಾರ್ ಇದ್ದರು. ಆ ಸುದ್ದಿಯನ್ನು ಧಾರಾಳವಾಗಿ ಹಂಚಬಹುದು, ಅದು ನಿಜ.