ಮೂರನೇ ರಿಂಗು

ಹಂಚಿನ ಮೇಲಿದ್ದ ರೊಟ್ಟಿ ಒಂದು ಮಗ್ಗುಲು ಬೆಂದಿತ್ತು, ಇನ್ನೊಂದು ಮಗ್ಗುಲು ಹಸಿ. ಅಷ್ಟರಲ್ಲಿ ಗ್ಯಾಸು ಮುಗಿಯಿತು. ಅದೇ ಗಳಿಗೆಗೆ ನನ್ನ ಫೋನು ರಿಂಗಾಯಿತು. ನಾನು ಎತ್ತಲಿಲ್ಲ. ಕಣ್ಣು ಮುಚ್ಚಿ ಉಸಿರಾಡುತ್ತ ಕೂತೆ.

ಇದನ್ನು ಹಚ್ಚಿಕೊಟ್ಟವರು ವಿಯೆಟ್ನಾಮಿನ ಬೌದ್ಧ ಗುರು ತಿಕ್ ನಾತ್ ಹಾನ್. ಫೋನಿನ ಸದ್ದನ್ನೇ ವಿಹಾರದ ಗಂಟೆ ಅಂದುಕೊಂಡು, ಮೂರು ರಿಂಗಿನ ತನಕ ಉಸಿರು ನೋಡಿಕೊಂಡು, ಸಣ್ಣಗೆ ನಕ್ಕು, ಆಮೇಲೆ ಎತ್ತಬೇಕು. ಹನ್ನೊಂದು ದಿನದಿಂದ ನಡೆಸಿದ್ದೆ. ಮೂರನೇ ರಿಂಗಿಗೆ ಫೋನು ತಾನೇ ಸುಮ್ಮನಾಯಿತು. ಬೀದಿಯಲ್ಲಿ ಆಟೋ ಹೊರಟ ಸದ್ದು, ಹಿಂದೆಯೇ ಸಿಲಿಂಡರುಗಳ ಠಣಠಣ.

"ಗ್ಯಾಸಿನ ಹುಡುಗ ಹ್ವಾದ. ನೀವು ನಗಾಕತ್ತೀರಲ್ರೀ!" ಅಂದಳು ಮನೆಯಾಕೆ.

ಖಾಲಿ ಸಿಲಿಂಡರನ್ನು ಟಿವಿಎಸ್ ಮುಂದೆ ಇಟ್ಟುಕೊಂಡು ಹೊರಟೆ. ಕೊಪ್ಪಳದ ಮೇ ತಿಂಗಳ ಹನ್ನೊಂದು ಗಂಟೆ. ಸೀಟು ಮುಟ್ಟಿದರೆ ಚುರ್ ಅನ್ನುತ್ತಿತ್ತು. ಮೊದಲ ತಿರುವಿನಲ್ಲಿ ಕಂಡ ಆಟೋ ಕಲ್ಲಂಗಡಿಯದು. ಎರಡನೆಯದು ನೀರಿನ ಕ್ಯಾನಿನದು. ಗವಿಮಠದ ಗುಡ್ಡ ಕಾಣುವ ರಸ್ತೆಗೆ ಬಂದಾಗ ಅಶೋಕನ ನೆನಪಾಯಿತು. ಅಲ್ಲಿ ಒಂದು, ಪಾಲ್ಕಿಗುಂಡಿನಲ್ಲಿ ಒಂದು ಶಾಸನ ಕೆತ್ತಿಸಿದ್ದಾನೆ. ಎರಡೂವರೆ ವರ್ಷದಿಂದ ಬುದ್ಧನ ಉಪಾಸಕನಾಗಿದ್ದೇನೆ, ಆದರೆ ಒಂದು ವರ್ಷ ಅಷ್ಟೇನೂ ಪ್ರಯತ್ನಪಡಲಿಲ್ಲ ಅಂತ ತಾನೇ ಒಪ್ಪಿಕೊಂಡಿದ್ದಾನೆ. ಪ್ರಯತ್ನದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಾಧ್ಯ ಅಂತಲೂ ಹೇಳಿದ್ದಾನೆ. ಚಕ್ರವರ್ತಿಗೇ ಒಂದು ವರ್ಷ ರಿಯಾಯಿತಿ. ನನಗೆ ಹನ್ನೊಂದೇ ದಿನಕ್ಕೆ ಬೈಗುಳ. ಅವನ ಮನೆಯ ಒಲೆಗೆ ಕಟ್ಟಿಗೆ ತಂದವರು ಯಾರೋ, ಕಲ್ಲಿನ ಮೇಲೆ ಅವರ ಸುದ್ದಿಯಿಲ್ಲ.

ಸಿಟ್ಟು ಗುರುಗಳ ಮೇಲೂ ತಿರುಗಿತು. ಆದರೆ ಅವರು ಬರೀ ಉಸಿರು ಹಿಡಿದು ಕೂತವರಲ್ಲ. 1960ರ ದಶಕದ ಯುದ್ಧದಲ್ಲಿ ಅವರ ಜೊತೆಗಿದ್ದ ಹುಡುಗ ಹುಡುಗಿಯರು ಬಾಂಬು ಬಿದ್ದ ಹಳ್ಳಿಗಳಿಗೆ ಹೋಗಿ ಮನೆ ಕಟ್ಟಿದರು, ಮತ್ತೆ ಬಿದ್ದರೆ ಮತ್ತೆ ಕಟ್ಟಿದರು. 1966ರಲ್ಲಿ ದೇಶ ಬಿಟ್ಟು ಬಂದ ಗುರುಗಳಿಗೆ 2005ರ ತನಕ ಊರಿಗೆ ಹೋಗಲಾಗಲಿಲ್ಲ. ಅದೆಲ್ಲ ಬಿಟ್ಟು ನಾನು ಆರಿಸಿಕೊಂಡದ್ದು ಫೋನ್ ಎತ್ತದಿರುವುದನ್ನು. ಹದಿನಾಲ್ಕೂ ಚಿಲ್ಲರೆ ಕೆಜಿ ಗ್ಯಾಸು, ಅಷ್ಟೇ ತೂಕದ ಕಬ್ಬಿಣ ಹೊತ್ತು ಆ ಹುಡುಗ ಬಿಸಿಲಿಗೆ ನಿಂತಿದ್ದ, ನಾನು ನೆರಳಿನಲ್ಲಿ ಕರುಣೆ ರೂಢಿ ಮಾಡುತ್ತಿದ್ದೆ. ಇದನ್ನು ಮನೆಯಾಕೆಗೆ ಹೇಳಲಿಲ್ಲ, ಹೇಳುವುದೂ ಇಲ್ಲ.

ಆಟೋ ಸಿಕ್ಕಿದ್ದು ಮಿರ್ಚಿ ಬಂಡಿಯ ಮುಂದೆ. ಹುಡುಗ ಮಂಡಕ್ಕಿ ವಗ್ಗರಣಿಯ ಮೇಲೆ ಮಿರ್ಚಿ ಮುರಿದು ಹಾಕಿಕೊಂಡು ತಿನ್ನುತ್ತಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ಜೇಬಿನಲ್ಲಿ ಫೋನು ಒಂದೇ ಸಮ ಬಡಿದುಕೊಳ್ಳುತ್ತಿತ್ತು.

"ತಮ್ಮಾ, ಫೋನ್ ಬರಾಕತ್ತದ."

"ಬರ್ಲಿ ಬಿಡ್ರೀ ಸರ. ಉಣ್ಣು ಮುಂದ ಉಣ್ಣಬೇಕು."

ಕೊನೆಯ ಮಂಡಕ್ಕಿ ಕಾಳನ್ನೂ ಬೆರಳಿಗೆ ಹತ್ತಿಸಿಕೊಂಡು ಬಾಯಿಗೆ ಹಾಕಿದ. ನೀರು ಕುಡಿದ. ಕೈ ಒರೆಸಿಕೊಂಡು ತುಂಬಿದ ಸಿಲಿಂಡರ್ ಇಳಿಸಿದ.

"ಓಟಿಪಿ ಹೇಳ್ರೀ."

ಜೇಬು ಮುಟ್ಟಿ ನೋಡಿಕೊಂಡೆ. ಫೋನು ಮನೆಯಲ್ಲಿ, ಕಿಟಕಿ ಕಟ್ಟೆಯ ಮೇಲೆ. ಅವನೇ ನನ್ನ ನಂಬರಿಗೆ ಹಚ್ಚಿ, ಸ್ಪೀಕರ್ ಹಾಕಿ ಹಿಡಿದ.

ಒಂದಾತು. ಎರಡಾತು. ಮೂರಾತು.

ನಾಲ್ಕೂ ಆತು.