ಪಹಣಿಯ 12ನೇ ಕಾಲಂ ನೋಡಿದ್ದೀರಾ?

ಬಿಡದಿ ಟೌನ್‌ಶಿಪ್ ಬೇಡ ಅಂತ ಬೈರಮಂಗಲದಲ್ಲಿ ಧರಣಿ ಕೂತವರ ಪರ ನಾನು. ಬೆಂಗಳೂರಿನ ಪಕ್ಕದ ಬಿಡದಿಯಲ್ಲಿ ಹೊಸ ನಗರ ಕಟ್ಟೋಕೆ ಸರ್ಕಾರ ಕೇಳ್ತಿರೋದು ಒಂಬತ್ತು ಹಳ್ಳಿ, 7,400 ಎಕರೆಗೂ ಮೇಲೆ. ರೇಷ್ಮೆ, ತೆಂಗು, ಹಾಲಿನ ಸೀಮೆ ಅದು. ಬೆಂಗಳೂರಿನ ಕೊಳಚೆಯನ್ನೆಲ್ಲ ವೃಷಭಾವತಿಯಲ್ಲಿ ಬೈರಮಂಗಲ ಕೆರೆಗೆ ಹರಿಸಿದ್ದಾಯ್ತು, ಈಗ ಊರನ್ನೂ ಕೇಳ್ತಿದ್ದಾರೆ. ಆದರೆ ಧರಣಿಯ ಟೆಂಟಿನಷ್ಟೇ ಗಮನ ಕಾಗದದ ಕಡೆಗೂ ಇರಲಿ. ಇಂಥ ಹೋರಾಟಗಳು ಸೋಲೋದು ಹೆಚ್ಚಾಗಿ ಅಲ್ಲೇ.

ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಕಾಯ್ದೆಯಾಗಲಿ, 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯಾಗಲಿ, ಭೂಮಿ ತಗೋತೀವಿ ಅನ್ನೋ ಪ್ರಾಥಮಿಕ ಅಧಿಸೂಚನೆ ಬರೋದು ಕಲಂ 17ರಲ್ಲಿ, ಅಂತಿಮ ಅಧಿಸೂಚನೆ 19ರಲ್ಲಿ. ನೋಟಿಸ್ ಕೈಸೇರಿದ ದಿನದಿಂದ ಆಕ್ಷೇಪಣೆಗೆ 30 ದಿನ. ನೋಟಿಸ್ ಬರೋದು ಕಂದಾಯ ದಾಖಲೆಯಲ್ಲಿರೋ ಹೆಸರಿಗೆ. ಪಹಣಿಯ (ಜಮೀನಿನ ಆರ್‌ಟಿಸಿ ದಾಖಲೆ) ಮಾಲೀಕರ ಹೆಸರಿರೋ 9ನೇ ಕಾಲಂನಲ್ಲಿ ತೀರಿಹೋದ ತಾತನ ಹೆಸರೇ ಇದ್ದರೆ ನೋಟಿಸೂ ತಾತನಿಗೇ. ಮೊಮ್ಮಕ್ಕಳು ಪೌತಿ ಖಾತೆಗೆ, ಅಂದರೆ ತೀರಿಹೋದವರ ಖಾತೆಯನ್ನ ವಾರಸುದಾರರ ಹೆಸರಿಗೆ ಮಾಡಿಸೋಕೆ, ಓಡಾಡೋಷ್ಟರಲ್ಲಿ ತಿಂಗಳು ಮುಗಿದಿರುತ್ತೆ. ಅಣ್ಣತಮ್ಮಂದಿರ ಜಗಳ ಆಮೇಲೆ ಇಟ್ಟುಕೊಳ್ಳಿ, ಮೊದಲು ಪೌತಿ ಖಾತೆ ಮಾಡಿಸಿ.

ಇನ್ನು ಬೆಳೆ ವಿವರ ಇರೋ 12ನೇ ಕಾಲಂ. ಹೊಲದಲ್ಲಿ ಹಿಪ್ಪುನೇರಳೆ, ಪಹಣಿಯಲ್ಲಿ ರಾಗಿ! ವರ್ಷಕ್ಕೆ ಐದಾರು ಸಲ ರೇಷ್ಮೆಗೂಡು ಮಾರೋ ನೀರಾವರಿ ಜಮೀನು ಕಾಗದದಲ್ಲಿ ಮಳೆಯಾಶ್ರಿತ ಖುಷ್ಕಿ ಆಗಿಬಿಟ್ಟಿರುತ್ತೆ. ಬೆಳೆ ಸಮೀಕ್ಷೆ ನಡೆಯುವಾಗ ಯಾರೂ ನೋಡೋದಿಲ್ಲ, ಪರಿಹಾರ ಲೆಕ್ಕ ಹಾಕುವಾಗ ಎಲ್ಲರೂ ನೋಡ್ತಾರೆ. ಬೋರ್‌ವೆಲ್‌ನ ಕರೆಂಟ್ ದಾಖಲೆ, ಡೈರಿಯ ಹಾಲಿನ ಪಾಸ್‌ಬುಕ್, ಗೂಡು ಮಾರುಕಟ್ಟೆ ಚೀಟಿ, ತೆಂಗಿನ ಮರಗಳ ಎಣಿಕೆ, ಶೆಡ್ಡಿನ ಫೋಟೊ ಎಲ್ಲವನ್ನೂ ಸರ್ವೆ ನಂಬರ್‌ವಾರು ಜೋಡಿಸಿಡಿ.

ಮುನ್ನೂರು ಜನ ಸಹಿ ಹಾಕಿದ "ಭೂಮಿ ಕೊಡೋದಿಲ್ಲ" ಮನವಿ ಪೇಪರ್‌ನಲ್ಲಿ ಫೋಟೊ ಬರೋಕೆ ಚೆನ್ನ. ಕಡತದಲ್ಲಿ ಅದನ್ನ ಒಂದೇ ಸಾಲಲ್ಲಿ ತಳ್ಳಿಹಾಕ್ತಾರೆ. ಪ್ರತಿ ಖಾತೆದಾರನೂ ಬೇರೆ ಬೇರೆ ಆಕ್ಷೇಪಣೆ ಕೊಡಲಿ: ಸರ್ವೆ ನಂಬರ್, ವಿಸ್ತೀರ್ಣ, ಬೆಳೆ, ಆದಾಯ, ಮನೆ ಇದ್ದರೆ ಅದು, ಮತ್ತು ಖುದ್ದು ವಿಚಾರಣೆ ಬೇಕು ಅನ್ನೋ ಕೋರಿಕೆ. ಕೊಟ್ಟಮೇಲೆ ಸೀಲು ಹಾಕಿದ ಸ್ವೀಕೃತಿ ಇಲ್ಲದೆ ಕಚೇರಿಯಿಂದ ಹೊರಡಬೇಡಿ. ಇನ್ನೊಂದು ಪ್ರತಿ ಸ್ಪೀಡ್ ಪೋಸ್ಟ್‌ನಲ್ಲಿ ಹೋಗಲಿ.

2013ರ ಭೂಸ್ವಾಧೀನ ಕಾಯ್ದೆ ಕಾಪಾಡುತ್ತೆ ಅಂತ ಅನೇಕರು ನಂಬಿದ್ದಾರೆ. ಶೇ 80ರ ಒಪ್ಪಿಗೆ ಬೇಕಾಗೋದು ಆ ಕಾಯ್ದೆಯಡಿ ಖಾಸಗಿ ಕಂಪನಿಗೆ ಭೂಮಿ ಪಡೆಯುವಾಗ. ಬಿಡಿಎ ಸ್ವಾಧೀನಕ್ಕೆ ಆ ಕಾಯ್ದೆ ಅನ್ವಯಿಸೋದಿಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿಯಾಗಿದೆ. ಅದು ಶಿವರಾಮ ಕಾರಂತ ಬಡಾವಣೆಯ ಪ್ರಕರಣ: 17 ಹಳ್ಳಿ, 3,546 ಎಕರೆ, ಪ್ರಾಥಮಿಕ ಅಧಿಸೂಚನೆ 2008ರ ಡಿಸೆಂಬರ್‌ನಲ್ಲಿ. ನಡುವೆ ಯೋಜನೆ ಬಿದ್ದೇಹೋಯ್ತು ಅಂದುಕೊಂಡು ಜನ ಮನೆ ಕಟ್ಟಿದರು. 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟ್ ಮುಂದುವರಿಸಿ ಅಂದಿತು. ಮನೆ ಉಳಿಸಿಕೊಳ್ಳೋಕೆ, ಆ ದಿನಕ್ಕಿಂತ ಮೊದಲೇ ಕಟ್ಟಿದ್ದೆವು ಅಂತ ಕೋರ್ಟ್ ನೇಮಿಸಿದ ಸಮಿತಿ ಮುಂದೆ ದಾಖಲೆ ಸಮೇತ ತೋರಿಸಬೇಕಾಯ್ತು. ಹಳೇ ಕರೆಂಟ್ ಬಿಲ್ಲು, ಕಂದಾಯ ರಸೀದಿ ಬಿಸಾಡಬೇಡಿ ಅನ್ನೋದು ಅದಕ್ಕೇ.

ಅಂತಿಮ ಅಧಿಸೂಚನೆಯಾಗಿ 5 ವರ್ಷದಲ್ಲಿ ಕೆಲಸ ಗಣನೀಯವಾಗಿ ಆಗದಿದ್ದರೆ ಯೋಜನೆ ರದ್ದಾಗುತ್ತೆ ಅನ್ನೋ ಕಲಂ 27 ಇದೆ, ನಿಜ. ಆದರೆ ಹಾಗಂತ ಕೋರ್ಟ್‌ನಲ್ಲಿ ವಾದಿಸಿ ಗೆಲ್ಲಬೇಕು. ಅದಕ್ಕೆ ಹೊಲ ಇನ್ನೂ ನಿಮ್ಮ ಸ್ವಾಧೀನದಲ್ಲೇ ಇದೆ, ಉಳುಮೆ ನಿಂತಿಲ್ಲ ಅನ್ನೋದಕ್ಕೆ ವರ್ಷವರ್ಷದ ಪುರಾವೆ ಬೇಕು. ಅಷ್ಟರಲ್ಲಿ "ಬರೀ ಸರ್ವೆಗೆ ಕಣ್ರೀ" ಅಂತ ಖಾಲಿ ಒಪ್ಪಿಗೆ ಪತ್ರ ಹಿಡಿದು ಯಾರಾದರೂ ಬಂದರೆ ಸಹಿ ಹಾಕಬೇಡಿ. ಮನೇಲಿ ವಯಸ್ಸಾದವರಿದ್ದರೆ ಅವರಿಗೂ ಇವತ್ತೇ ಹೇಳಿಡಿ, ಹೆಬ್ಬೆಟ್ಟು ಒತ್ತಿಸಿಕೊಳ್ಳೋಕೆ ಬರೋರು ನೀವು ಮನೇಲಿಲ್ಲದ ಹೊತ್ತು ನೋಡೇ ಬರ್ತಾರೆ.